ಬಿಚ್ಚುವ ಗುರುವಾರ

ಕೌಲ್ ಬಜಾರಿನ ಆಸ್ಪತ್ರೆಯ ಮೇಲಂತಸ್ತು.
ಲಸಿಕೆಯ ಖಾಲಿ ಪೆಟ್ಟಿಗೆಗಳನ್ನು ಗೋಡೆಗೆ ಸರಿಸಿ
ಜಮಖಾನ ಹಾಸಿದೆ.
ಹೊಸ ಸೂಜಿ, ಏಳು ಬಣ್ಣದ ದಾರ,
ಕೌದಿಗೆಂದು ಆಯ್ದು ತಂದ ಜೀನ್ಸಿನ ತುಂಡು,
ಕಡತದ ಮೇಲೆ ದುಂಡಗೆ ಬರೆದ ಹೆಸರು:
'ಕಲೆಯಿಂದ ನೆಮ್ಮದಿ, ವಾರ ಒಂದು.'

ಹನ್ನೊಂದು ಮಂದಿ ಬಂದರು.
ಬೆರಳ ಸಂದಿಯಲ್ಲಿ ನೀಲಿ, ಉಗುರಿನ ಬುಡದಲ್ಲಿ ನೀಲಿ,
ಬೆವರೊರೆಸಿದ ಸೆರಗಿನಲ್ಲೂ ನೀಲಿ.
ಸುಂಕಲಮ್ಮ ಸೂಜಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ
"ದಿನಾ ಇನ್ನೂರು ಜೇಬು ಹೊಲೀತೀನಿ ಟೀಚರ್,
ನೆಮ್ಮದಿಗೂ ಇನ್ನೊಂದು ಹೊಲೀಬೇಕಾ?"
ಎಲ್ಲರೂ ನಕ್ಕರು. ನಾನೂ ನಕ್ಕೆ,
ನಗು ಹಲ್ಲಿಗೇ ಸಿಕ್ಕಿಕೊಂಡಿತು.

ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದವಳು.
ಹೂಕುಂಡ ಬರೆಯಿರಿ ಎಂದರೆ ಹೂಕುಂಡ,
ಗೆರೆ ದಾಟಬೇಡಿ ಎಂದರೆ ದಾಟದ ಮಕ್ಕಳು.
ಇವರಿಗೆ ಏನು ಹೇಳಬೇಕೆಂಬ ಪುಟ
ತರಬೇತಿಯ ಪುಸ್ತಕದಲ್ಲಿರಲಿಲ್ಲ.

ಎರಡನೇ ಗುರುವಾರ ಏಳು ಮಂದಿ.
ಮೂರನೆಯದಕ್ಕೆ ನಾಲ್ಕು. ಅದರಲ್ಲೊಬ್ಬಳು
ನಿದ್ದೆಗೆಂದೇ ಬಂದವಳು, ಖಾಜಾಬಿ,
ರಾತ್ರಿಪಾಳಿಯಲ್ಲಿ ಗುಂಡಿ ಒತ್ತುವವಳು.
ಎಬ್ಬಿಸಲಿಲ್ಲ.
ಫ್ಯಾನನ್ನು ಅವಳತ್ತ ತಿರುಗಿಸಿದೆ.
ಆ ತಿಂಗಳು ನಾನು ಸರಿಯಾಗಿ ಮಾಡಿದ್ದು
ಅದೊಂದೇ ಅಂತ ಈಗಲೂ ಅನಿಸುತ್ತದೆ.

ಆಗಲೇ ಕರೆಂಟು ಹೋಯಿತು.
ಓಣಿಯ ಅಷ್ಟೂ ಮಿಷನ್ನು ಒಮ್ಮೆಲೇ ಬಾಯಿ ಮುಚ್ಚಿದವು.
ಕಿಟಕಿಯಾಚೆ ಒಂದೇ ಕಲ್ಲಿನ ಗುಡ್ಡ
ಬಿಸಿಲನ್ನು ಬೆನ್ನ ಮೇಲೆ ಹೊತ್ತು ಕೂತಿತ್ತು.
ಕೈ ಸುಮ್ಮನಿರದೆ ಸುಂಕಲಮ್ಮ
ತುಂಡಿನ ಅಂಚಿನಿಂದ ಎಳೆಯೊಂದನ್ನು ಎಳೆದಳು.
ನೀಲಿ ಬಂತು. ಇನ್ನೊಂದು. ಮತ್ತೊಂದು.
ನೀಲಿ ಹೋದಲ್ಲಿ ಬಿಳಿ ಉಳಿಯಿತು,
ಅಡ್ಡಡ್ಡ, ನೀರು ಕಾಣದ ತೆಳು ಮೋಡ.

"ತಪ್ಪು ಹೊಲಿದ್ರೆ ಬಿಚ್ಚಿಸ್ತಾರೆ, ಕೂಲಿ ಹಿಡೀತಾರೆ.
ಹಿಂಗೆ ಸುಮ್ಮನೆ ಬಿಚ್ಚಿದ್ದು
ಹುಟ್ಟಿದ ಮ್ಯಾಲೆ ಇದೇ ಮೊದಲು."

ಸೂಜಿಗಳನ್ನು ಡಬ್ಬಿಗೆ ಹಾಕಿ ಮುಚ್ಚಿದೆ.
ಅಲ್ಲಿಂದಾಚೆ ಗುರುವಾರ ಅಂದರೆ ಬಿಚ್ಚುವುದು.
ಬಂದವರು ತಂಗಿಯನ್ನು ಕರೆತಂದರು,
ತಂಗಿ ಪಕ್ಕದ ಮನೆಯವಳನ್ನು.
ಒಬ್ಬಳು ನೀಲಿಯ ನಡುವೆ ಬಿಳಿ ಓಣಿ ತೆಗೆದಳು,
ಒಬ್ಬಳು ಇರುವೆ ಸಾಲು, ಒಬ್ಬಳು ಬರೀ ಗೆರೆ.
ಹಂಪಮ್ಮ ಎಳೆದು ಎಳೆದು
ತೂತೇ ಮಾಡಿಬಿಟ್ಟಳು.
ಇದೇನು ಎಂದು ಕೇಳಲು ಬಾಯಿ ತೆರೆದು
ಚಹಾ ಬಗ್ಗಿಸಿದೆ.
ಎರಡು ಗುರುವಾರ ಕಳೆದು ತಾನೇ ಅಂದಳು:
"ಅದು ಬಾಗಿಲು.
ಆ ಕಡೆ ಯಾರದಾರೆ ಅಂತ ಕೇಳಬ್ಯಾಡ್ರಿ."

ಆಫೀಸಿನಿಂದ ಎರ್ರಿಸ್ವಾಮಿ ಫಾರಂ ಹಿಡಿದು ಬಂದ.
ಮನಸ್ಸಿನ ಭಾರ ಒಂದರಿಂದ ಹತ್ತರಲ್ಲಿ ಎಷ್ಟು?
ಖಾಜಾಬಿ ಮಗ್ಗುಲಾಗಿ, "ತಕ್ಕಡಿ ತಂದೀಯೇನಪ್ಪಾ?"
ಸುಂಕಲಮ್ಮ ಮಾತ್ರ ಲೆಕ್ಕ ಕೊಟ್ಟಳು:
"ಬರಕೋ. ಗುರುವಾರ ನಾಲ್ಕು.
ಶನಿವಾರ ಒಂಬತ್ತು.
ಶನಿವಾರ ಬಟವಾಡೆ. ಅವನು ಮನೆಗೆ ಬರ್ತಾನೆ."
ಎರ್ರಿಸ್ವಾಮಿಯ ಪೆನ್ನು
ಒಂಬತ್ತರ ಮೇಲೆ ನಿಂತು ಬಹಳ ಹೊತ್ತು ಏಳಲಿಲ್ಲ.
ಆ ವಾರ ಶನಿವಾರ ಸಂಜೆಯೂ ಬೀಗ ತೆಗೆದೆ.
ಯಾರೂ ಕೇಳಿರಲಿಲ್ಲ. ಮೂವರು ಬಂದರು.

ಬಿಚ್ಚಿದ ಎಳೆ ಲಸಿಕೆಯ ಪೆಟ್ಟಿಗೆ ತುಂಬಿ ಚೆಲ್ಲಿತು.
ಎಸೆಯಬಾರದು ಅಂದರು.
ಖಾಜಾಬಿಗೆ ತಲೆದಿಂಬು, ಅದು ತೀರ್ಮಾನ.
ಆದರೆ ಚೀಲ ಹೊಲಿಯುವವರು ಯಾರು?
ಒಬ್ಬರೂ ಸೂಜಿ ಮುಟ್ಟಲೊಲ್ಲರು.
"ನೀವೇ ಹೊಲೀರಿ ಟೀಚರ್."

ಕೂತೆ. ಹೊಲಿದೆ.
ಹೊಲಿಗೆ ನೆಟ್ಟಗೆ ಹೊರಟು ನಡುವೆ ಕುಡಿದವರ ಹಾಗೆ ಹೊಯ್ದಾಡಿತು.
ಹದಿನಾಲ್ಕು ತಲೆ ನನ್ನ ಕೈ ಮೇಲೆ ಬಾಗಿದವು.
"ಅಯ್ಯೋ, ಮೇಸ್ತ್ರಿ ನೋಡಿದ್ರೆ ಇದು ರಿಜೆಕ್ಟು,"
ಸುಂಕಲಮ್ಮ ಕಿಸಕ್ಕನೆ ನಕ್ಕು
ಹಲ್ಲಿನಲ್ಲಿ ದಾರ ಕಡಿದು
ನನ್ನ ಹೊಲಿಗೆಯನ್ನಷ್ಟೂ ಸರ್ರನೆ ಎಳೆದುಬಿಟ್ಟಳು.
"ಇರಲಿ ಬಿಡ್ರಿ. ಮತ್ತೆ ಹೊಲೀರಿ."

ಅಷ್ಟರಲ್ಲಿ ಕರೆಂಟು ಬಂತು.
ಓಣಿಯ ಮಿಷನ್ನುಗಳು ಒಂದೊಂದಾಗಿ ಕೆಮ್ಮಿ ಎದ್ದವು.
ಯಾರೂ ತಕ್ಷಣ ಏಳಲಿಲ್ಲ.