ತಂತಿ ಹಿಡಿದು ನಿಂತದ್ದು

ಯುಗಾದಿ ಕಳೆದು ಹದಿನೇಳು ದಿನ.
ಬೆಳಗಿನ ಒಂಬತ್ತಕ್ಕೇ ಕಾಂಪೌಂಡು ಕಾದ ಕಾವಲಿ;
ಅದರ ಮೇಲೆ ಓತಿಕ್ಯಾತ ಕತ್ತು ಕೆಂಪಗೆ ಮಾಡಿಕೊಂಡು
ದಂಡ ಹೊಡೆಯುತ್ತಾನೆ, ಯಾವ ಗರಡಿಯ ಪೈಲ್ವಾನನೋ.
ಹಿಂಗಿರಲಿಲ್ಲ ಕಣೆ ನಮ್ಮ ಚಿಕ್ಕಲ್ಲಸಂದ್ರ,
ಫ್ಯಾನೇ ಇರಲಿಲ್ಲ ಯಾರ ಮನೇಲೂ,
ಅನ್ನುತ್ತಾರೆ ಓನರು ಮುನಿತಾಯಮ್ಮ.
ಹೋದ ವರ್ಷವೂ ಅಂದಿದ್ದರು.
ಅಂದು, ಫ್ಯಾನಿನ ಕೆಳಗೆ ಹೋಗಿ ಮಲಗುತ್ತಾರೆ.

ತೋಟ ಅನ್ನಬಾರದು ಇದನ್ನು.
ಸಂಪಿನ ಮುಚ್ಚಳದಿಂದ ಗೇಟಿನವರೆಗೆ ಎಂಟು ಹೆಜ್ಜೆ ಮಣ್ಣು:
ಒಂದು ನಿಂಬೆ, ಒಂದು ಕರಿಬೇವು, ಕಾಯಿ ಬಿಡದ ಪರಂಗಿ,
ಪೇಂಟಿನ ಡಬ್ಬದಲ್ಲಿ ದಾಸವಾಳ.
ಬಾಡಿಗೆ ಕರಾರಿನಲ್ಲಿ ಬರೆದಿಲ್ಲ, ಆದರೂ ನೀರು ಹಾಕುವವಳು ನಾನೇ:
ಅಕ್ಕಿ ತೊಳೆದದ್ದು, ಸೊಪ್ಪು ತೊಳೆದದ್ದು,
ಫಿಲ್ಟರು ಬೇಡವೆಂದು ಉಗುಳಿದ್ದು.
ಟ್ಯಾಂಕರಿನ ರಹಮತ್ತಣ್ಣ ಪೈಪು ಎಳೆಯುವಾಗ ಸೋರಿದ ನೀರಿಗೆ
ಹಳದಿ ಕಣಜ, ಎರಡು ಮೈನಾ, ಒಂದು ಅಳಿಲು
ರೇಷನ್ ಅಂಗಡಿಯ ಸಾಲಿನ ಹಾಗೆ ಕಾದಿರುತ್ತವೆ.
ಜಗಳ ಶುರು ಮಾಡುವುದು ಅಳಿಲೇ.

ಬಟ್ಟೆ ಒಣಗಿಸುವ ತಂತಿಗೆ
ಸೂರಕ್ಕಿ ಗೂಡು ಕಟ್ಟಿದ್ದು ಯಾವಾಗಲೋ.
ಜೇಡರ ಬಲೆ ಅಂದುಕೊಂಡು ಪೊರಕೆ ತಂದೆ.
ಹತ್ತಿರ ಹೋದರೆ,
ಇಪ್ಪತ್ತೆರಡು ವರ್ಷ ರವಿಕೆ ಹೊಲಿದ ಕಣ್ಣು ಇದು,
ಗುರುತು ಸಿಕ್ಕಿಬಿಟ್ಟಿತು:
ಆ ಗಿಳಿಹಸಿರು ನೂಲು ಇಂದ್ರಾಣಿಯ ಮಗಳ ನಿಶ್ಚಿತಾರ್ಥದ್ದು,
ಆ ಜರಿಯೆಳೆ ಯಾರದೋ ಕಂಚಿ ಸೀರೆಯದ್ದು.
ನಾನು ಗುಡಿಸಿ ಮೂಲೆಗೆ ತಳ್ಳಿದ ಚೂರೆಲ್ಲ
ತೊಗಟೆ, ಹುಳದ ಹಿಕ್ಕೆ, ಬಸ್ ಟಿಕೆಟಿನ ತುಂಡು, ಜೇಡನ ಎಳೆ ಕೂಡಿ
ಒಂದು ಜೇಬಾಗಿತ್ತು.
ಅಳತೆ ಟೇಪಿಲ್ಲ, ಸೀಮೆಸುಣ್ಣದ ಗೆರೆಯಿಲ್ಲ,
ಒಳಗೆ ಹತ್ತಿಯ ಲೈನಿಂಗು.
ಬಾಯಿಗೊಂದು ಸಜ್ಜಾ ಬೇರೆ, ಮಳೆ ಬಂದರೆ ಇರಲಿ ಎಂದು!
ಮಳೆಯ ಮೇಲೆ ಅಷ್ಟು ನಂಬಿಕೆ
ಈ ಬೀದಿಯಲ್ಲಿ ಇದ್ದದ್ದು ಅವಳೊಬ್ಬಳಿಗೇ.
ಹೆಬ್ಬೆರಳಷ್ಟು ಹಕ್ಕಿ.

ಮುನಿತಾಯಮ್ಮ ಬಕೆಟ್ಟು ಹೊತ್ತು ಬಂದರು, ನೋಡಿದರು,
ನನ್ನನ್ನೂ ಬಿಸಿಲನ್ನೂ ಒಂದೇ ಉಸಿರಲ್ಲಿ ಬೈದರು,
ಒದ್ದೆ ಸೀರೆಯನ್ನು ನಿಂಬೆಗಿಡದ ಮೇಲೆ ಹರಡಿ ಹೋದರು.
ಮುಳ್ಳು ಹರಿದದ್ದನ್ನು ಸಂಜೆ ರಫು ಮಾಡಿಕೊಟ್ಟೆ.
ಕಾಸು ಕೇಳಲಿಲ್ಲ.

ಅಶ್ವಿನಿ ಒಂದು ಹನಿ ಕೊಡದೆ ಹೋಯಿತು.
ಭರಣಿ ಹುಟ್ಟಿದ ಎರಡನೇ ಸಂಜೆ
ಉತ್ತರಹಳ್ಳಿಯ ಕಡೆಯಿಂದ ಮೊದಲು ಗಾಳಿ:
ಧೂಳು, ಗುಲ್‌ಮೊಹರಿನ ಎಸಳು,
ಯಾರದೋ ಮಹಡಿಯ ಪ್ಲಾಸ್ಟಿಕ್ ಕುರ್ಚಿ.
ಕರೆಂಟು ಹೋಯಿತು.
ಆಲಿಕಲ್ಲು, ಆಲಿಕಲ್ಲು, ಎದುರು ಮನೆಯ ಹುಡುಗರು ಪಾತ್ರೆ ಹಿಡಿದು ಕುಣಿದರು.
ಗೂಡು ಗಿರಗಿರ ತಿರುಗುತ್ತಿತ್ತು.
ಓಡಿದೆ. ಅದರ ಎರಡೂ ಪಕ್ಕ ತಂತಿಯನ್ನು ಬಿಗಿಹಿಡಿದು
ನಿಂತೆ, ಬಸ್ಸಿನಲ್ಲಿ ಕಂಬಿ ಹಿಡಿದವಳ ಹಾಗೆ.
ಬಾಗಿಲಲ್ಲಿ ಮುನಿತಾಯಮ್ಮ, ಹುಚ್ಚಿ, ಒಳಗೆ ಬಾ, ಅಂದರು.
ಆಮೇಲೆ ತಾವೇ ಕೊಡೆ ತಂದು ಹಿಡಿದರು,
ನನ್ನ ತಲೆಗಲ್ಲ, ಗೂಡಿಗೆ.
ಸಜ್ಜಾದ ಕೆಳಗೆ ಬಾಗಿದ ಕೊಕ್ಕು, ಒಂದು ಸಾಸಿವೆಕಣ್ಣು,
ನನ್ನ ಮುಖಕ್ಕೆ ಗೇಣು ದೂರ.
ಹೆದರಲಿಲ್ಲ ಅವಳು. ಅಥವಾ ಹೆದರಿಯೂ ಏಳಲಿಲ್ಲ.
ಹೊರಗಿನಿಂದ ನೋಡಿದರೆ ಎರಡೂ ಒಂದೇ ಹೊಲಿಗೆ.

ಬೆಳಿಗ್ಗೆ ಸಂಪಿನ ಮೇಲೆಲ್ಲ ಈಸುಳ್ಳಿ ರೆಕ್ಕೆ.
ಹೊಟ್ಟೆ ಬಿರಿಯೆ ತಿಂದ ಓತಿಕ್ಯಾತ
ದಂಡ ಹೊಡೆಯುವುದನ್ನೇ ಮರೆತಿದ್ದ.
ನನ್ನ ತೋಳು ಮೇಲೇಳಲಿಲ್ಲ, ಮೂರು ದಿನ ಮಿಷನ್ನು ಮುಟ್ಟಲಿಲ್ಲ.
ಇಂದ್ರಾಣಿ ಬಂದಳು:
ಎಲ್ಲೇ ರವಿಕೆ? ಸೋಮವಾರ ಅಂದಿದ್ದೆ.
ಮಳೆ ಬಂತಲ್ಲ, ಅಂದೆ.
ಮಳೆಗೂ ರವಿಕೆಗೂ ಏನೇ ಸಂಬಂಧ?
ಸುಮ್ಮನೆ ನಿಂತೆ, ತಂತಿಯ ಕಡೆ ನೋಡದೆ.
ಅವಳ ಬೆನ್ನ ಹಿಂದೆ ಗಿಳಿಹಸಿರು ತೂಗುತ್ತಿತ್ತು,
ಒಳಗೆ ಏನೋ ಚಿಂವ್ ಅಂದಿತು.