ಇಪ್ಪತ್ತೈದೂವರೆ ಗಂಟೆ

ಸಾಲು ನಾಲ್ಕು ಸಾವಿರದ ನೂರಹದಿನೇಳು:
ದಿನಾಂಕ ತಪ್ಪು.
ಅಷ್ಟು ಹೇಳಿ ಬಾಯಿ ಮುಚ್ಚುತ್ತದೆ ಪ್ರೋಗ್ರಾಮು.
ಏನು ತಪ್ಪು ಎಂದು ಮತ್ತೆ ಕೇಳಿದರೆ ಮತ್ತದೇ ಮಾತು,
ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯವನ ಹಾಗೆ
ತಲೆಯೆತ್ತದೆ.

ಮಂಡ್ಯದ ನಾಲಾ ಕಚೇರಿ, ಎರಡನೇ ಮಹಡಿ.
ಕೆಳಗೆ ಕಬ್ಬಿನ ಟ್ರ್ಯಾಕ್ಟರುಗಳು ಗೇರು ಬದಲಿಸುತ್ತವೆ.
ಮೇಜಿನ ಮೇಲೆ ಮೂವತ್ತು ವರ್ಷದ ಗೇಜ್ ಪುಸ್ತಕ:
ಯಾವ ತೂಬು, ಎಷ್ಟಡಿ ನೀರು, ಯಾವ ದಿನ, ಎಷ್ಟು ಹೊತ್ತಿಗೆ.
ಗುತ್ತಲಿನ ನಾಜಿಮಾ ಅಷ್ಟನ್ನೂ ಟೈಪು ಮಾಡಿಟ್ಟಿದ್ದಾಳೆ.
ಓದಿ ಸಾಲಾಗಿ ನಿಲ್ಲಿಸುವುದು
ನಾನು ಬರೆದದ್ದರ ಕೆಲಸ.

ಮೊದಲ ದಿನ ಆಗಸ್ಟು ಸೆಪ್ಟೆಂಬರು ಮಾತ್ರ ಸತ್ತವು.
ಜುಲೈ ಸರಿ, ಅಕ್ಟೋಬರು ಸರಿ,
ನಡುವೆ ನಾಟಿಯಾದ ಗದ್ದೆ ನೀರು ಕೇಳುವ ಎರಡು ತಿಂಗಳು
ಬರೀ ಖಾಲಿ.
ಡಬ್ಬಿಯ ಮುದ್ದೆ ತಣ್ಣಗಾದ ಮೇಲೆ ಹೊಳೆಯಿತು:
ಮುಂದೆ ಸೊನ್ನೆ ಹಿಡಿದು ಬಂದ ಅಂಕಿಯನ್ನು
ಶೆಲ್ಲು ಎಂಟರ ಲೆಕ್ಕದಲ್ಲಿ ಓದುತ್ತದೆ,
ಆ ಲೆಕ್ಕದಲ್ಲಿ ಎಂಟೂ ಇಲ್ಲ, ಒಂಬತ್ತೂ ಇಲ್ಲ.
ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ ಅಂತ ಮೇಷ್ಟ್ರು ಹೇಳಿದ್ದು
ಇಲ್ಲಿ ನಡೆಯಲಿಲ್ಲ. ಕಿತ್ತೆ.
ಎರಡು ತಿಂಗಳು ತುಂಬಿ ಹರಿದವು.

ಆಮೇಲೆ ಇನ್ನೊಂದು ಸೊನ್ನೆ.
ಹತ್ತು ಎಂದೇ ಕಾಣುತ್ತದೆ. ಕನ್ನಡಕ ಒರೆಸಿಕೊಂಡರೂ ಹತ್ತೇ.
ಬೈಟು ಬೈಟಾಗಿ ಬಿಡಿಸಿದಾಗ ಸಿಕ್ಕಿಬಿತ್ತು:
ಸೊನ್ನೆಯಲ್ಲ ಅದು, ಅನುಸ್ವಾರ!
ಗಂಟೆಗೆ, ತಿಂಗಳಿಗೆ, ಮಂಡ್ಯಕ್ಕೆ ಬೇಕಾದ ಬಿಂದು
ಒಂದರ ಪಕ್ಕ ಬಂದು ಕೂತಿದೆ
ಹತ್ತಾಗುವ ಆಸೆಗೆ.
ನಾಜಿಮಾ ನಕ್ಕಳು: "ಎರಡೂ ದುಂಡಗೇ ಅಲ್ವಾ ಮೇಡಂ,
ಓದೋರಿಗೆ ಗೊತ್ತಾಗುತ್ತೆ."
ಓದೋರಿಗೆ ಗೊತ್ತಾಗುತ್ತೆ, ನಿಜ.
ಇದು ಓದುವುದಿಲ್ಲ ನಾಜಿಮಾ,
ಹೋಲಿಸಿ ನೋಡುತ್ತದೆ.

ಈಗ ಉಳಿದವನು ಇವನು.
ಪುಸ್ತಕ ತೆಗೆದೆ. ನೇರಳೆ ಶಾಯಿ,
ಅಂಚಿನಲ್ಲಿ ಸುಣ್ಣದ ಬೆರಳು ಒರೆಸಿದ ಗುರುತು.
ನೀರುಗಂಟಿ ಚಿಕ್ಕಮರಯ್ಯ, ಮೂರನೇ ತೂಬು, ರಾತ್ರಿ ಪಾಳಿ.
೧೭-೯-೬೮. ಗಂಟೆ ೨೫-೩೦. ನಾಲ್ಕಡಿ ಎರಡಂಗುಲ.
ಕೈತಪ್ಪಲ್ಲ. ಮರುದಿನ ೨೪-೪೫.
ಅದರ ಮರುದಿನ ೨೮.

ಲಾಂದ್ರ ಹಿಡಿದು ಮೆಟ್ಟಿಲಿಳಿದು
ಗೇಜಿನ ಕಲ್ಲಿಗೆ ಬಗ್ಗಿದವನಿಗೆ ಅದಿನ್ನೂ ಅದೇ ದಿನ.
ಹೊತ್ತು ಮೂಡದೆ ತಾರೀಕು ಹೇಗೆ ಬದಲಾದೀತು?
ನನ್ನಜ್ಜಿಯೂ ಹಾಗೇ. ನಡುರಾತ್ರಿ ಎರಡಕ್ಕೆ ಹುಟ್ಟಿದ ನಾನು
ಅವಳಿಗೆ ಸೋಮವಾರದವಳು,
ಆಸ್ಪತ್ರೆಯ ಚೀಟಿಗೆ ಮಂಗಳವಾರ.
ಅವಳಿರುವ ತನಕ ಸೋಮವಾರವೇ ಎಣ್ಣೆ ಹಚ್ಚಿದಳು.

ಯಂತ್ರಕ್ಕೂ ತನ್ನದೊಂದು ಮುಂಜಾವಿದೆ:
ಎಪ್ಪತ್ತನೇ ಇಸವಿ, ಜನವರಿ ಒಂದು,
ನಮ್ಮ ಗೋಡೆಯ ಗಡಿಯಾರದಲ್ಲಿ ಬೆಳಗಿನ ಐದೂವರೆ.
ಅಲ್ಲಿಂದ ಸೆಕೆಂಡು ಎಣಿಸಿಕೊಂಡು ಬಂದಿದೆ,
ಅದಕ್ಕೂ ಹಿಂದಿನದೆಲ್ಲ ಮೈನಸ್ಸು.
ಮೈನಸ್ ನಾಲ್ಕು ಕೋಟಿ ಚಿಲ್ಲರೆ ಸೆಕೆಂಡಿನ ಕತ್ತಲೆಯಲ್ಲಿ
ಚಿಕ್ಕಮರಯ್ಯ ಬೀಡಿ ಹಚ್ಚುತ್ತಾನೆ.

ಶರತ್ತು ಬರೆದೆ:
ಗಂಟೆ ಇಪ್ಪತ್ನಾಲ್ಕು ಮುಟ್ಟಿದರೆ ಇಪ್ಪತ್ನಾಲ್ಕು ಕಳೆ,
ದಿನಕ್ಕೆ ಒಂದು ಕೂಡು.
ಪಕ್ಕದಲ್ಲಿ ಟಿಪ್ಪಣಿ:
ಮೂರನೇ ತೂಬಿನಲ್ಲಿ ಬೆಳಕು ಹರಿದ ಮೇಲೆ ನಾಳೆ.

ಕೀಲಿ ಒತ್ತಿದೆ. ಇಳಿದವು, ಸಾಲು ಸಾಲು,
ತೂಬು ಎತ್ತಿದ ಹಾಗೆ,
ಐದು ಸಾವಿರ, ಏಳು, ಒಂಬತ್ತು ಸಾವಿರದ ಹತ್ತಿರ
ನಿಂತವು. ದಿನಾಂಕ ತಪ್ಪು.

೩೧ ಜೂನ್. ಅದೇ ನೇರಳೆ ಕೈ. ಮೂರಡಿ.
ಜುಲೈ ಒಂದನ್ನೂ ಬರೆದಿದ್ದಾನೆ, ಅದು ಬೇರೆ,
ಮೂರಡಿ ಒಂದಂಗುಲ.
ಪುಟದಲ್ಲಿ ಗೆರೆಯೊಂದು ಉಳಿದಿತ್ತೋ,
ಇಲ್ಲಾ ಆ ರಾತ್ರಿ ಬೇಗ ಮುಗಿಯಲಿಲ್ಲವೋ.
ಅಳಿಸಲು ಬೆರಳಿಟ್ಟೆ, ತೆಗೆದೆ.

"ಐದೂವರೆ ಆಯ್ತು ಮೇಡಂ,"
ನಾಜಿಮಾ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕುತ್ತಾಳೆ.
ಕರ್ಸರು ಮಿಣುಕುತ್ತಿದೆ
ಮೂರಡಿ ನೀರು ಹಿಡಿದುಕೊಂಡು.