ಎಂಟು ಗುಂಜಿ ಹಿತ್ತಾಳಿ

ದಿನಾ ಮುಂಜಾನಿ ಅಂಗಡಿ ಬಾಗಲಾ ತೆಗದು
ಕರೀ ಹಲಗಿ ಮ್ಯಾಲೆ ಚಾಕ್‌ಪೀಸಿಲೆ ಬರೀತೀನಿ:
ಇಪ್ಪತ್ನಾಕು ಕ್ಯಾರೆಟ್ಟು, ಇಪ್ಪತ್ತೆರಡು, ಬೆಳ್ಳಿ.
ಹೋದ ಶ್ರಾವಣದಿಂದ ಅದರ ಕೆಳಗ
ಇನ್ನೊಂದು ದರ, ಸಣ್ಣ ಅಕ್ಷರದಾಗ.

ಗಿರಾಕಿ ಕೇಳತಾರ, 'ಇದೇನ್ರೀ ಪತ್ತಾರ್ರ?'
'ಹಿತ್ತಾಳಿ' ಅಂತೀನಿ.
ನಗತಾರ. ನಾನೂ ನಗತೀನಿ.

ಎಪ್ಪತ್ತೊಂಬತ್ತರಾಗ
ಹತ್ತಿ ಗಿರಣಿ ಮ್ಯಾನೇಜರ ದಾರಬ್‌ಶಾ
ಮಗಳ ಮದಿವಿಗೆ ಹನ್ನೊಂದು ತೊಲಿ ಮಾಡಿಸಿಕೊಂಡು
ಅರ್ಧಾ ರೊಕ್ಕ ಕೊಟ್ಟ, ಉಳಿದದ್ದಕ್ಕ ಕೀಲಿ ಕೊಟ್ಟ.
ಅಪ್ಪ ಮೂರು ದಿನ ಮಾತು ಬಿಟ್ಟ.
ಹತ್ತೊಂಬತ್ತರ ಹುಡುಗ ನಾನು,
ಆ ಮೂರೂ ರಾತ್ರಿ ಅದರ ಮಗ್ಗಲದಾಗ ಮಲಗಿದೆ.
ಟ್ರಯಂಫು. ಎರಡ ಸೀಟು. ತಲಿ ಮ್ಯಾಲೆ ಬರೇ ಆಕಾಶ.
ಕುಂಕುಮದ ಭರಣಿ ಒಳಗಿನ ಕೆಂಪು.

ಅದರ ಎದಿಯಾಗ ಎರಡು ಕಾರ್ಬ್ಯುರೇಟರು,
ಒಂದೊಂದರಾಗ ಒಂದೊಂದು ಸೂಜಿ.
ಬುಡಕ್ಕ ದಪ್ಪ, ತುದಿಗೆ ಇದ್ದೂ ಇಲ್ಲದಂಗ.
ಸವದರ ಕರೀ ಹೊಗಿ, ಸರಾಫ ಬಜಾರೆಲ್ಲಾ ಕೆಮ್ಮತೈತಿ.
ಒಂದು ಸವದರ ಎರಡೂ ಬದಲಿಸಬೇಕು,
ಜೋಡಿ, ಬೆಂಡ್ವಾಲಿಯಂಗ.

ಎಂಬತ್ನಾಕರಾಗ ಜೋಡಿಗೆ ಇಪ್ಪತ್ತೆಂಟು ರೂಪಾಯಿ.
ಮುಂಬಯಿಂದ, ಬಸ್ಸಿನ ಡ್ರೈವರನ ಕಿಸೆದಾಗ,
ಗುಜರಾತಿ ಪೇಪರಿನ ಚೂರಿನಾಗ ಸುತ್ತಿಕೊಂಡು ಬರ್ತಿತ್ತು.
ತೊಂಬತ್ತೊಂಬತ್ತರಾಗ ಏಳುನೂರು,
ಅದೂ 'ಕಡೀ ಜೋಡಿ ನೋಡ್ರಿ' ಅಂತ ಅಂಜಿಸಿ.
ಈಗ ಸಮುದ್ರ ದಾಟಿ ಬರಬೇಕು.
ಸೂಜಿಗಿಷ್ಟು, ಡಬ್ಬಿಗಿಷ್ಟು, ವಿಮಾನಕ್ಕಿಷ್ಟು,
ಸುಂಕದಾಂವಗ ಮತ್ತಿಷ್ಟು.
ಅಂವ ಡಬ್ಬಿ ಅಲುಗಾಡಿಸಿ
'ಆಭರಣೇನು?' ಅಂತ ಬ್ಯಾರೆ ಕೇಳತಾನ.
ಎಂಟು ಸಾವಿರದ ಮುನ್ನೂರು.

ರಾತ್ರಿ ಬಾಗಲಾ ಮುಚ್ಚಿ, ಗಾಜಿನ ಪೆಟಗಿ ತಕ್ಕಡಿಯಾಗ
ಒಂದು ಹಳೀ ಸೂಜಿ ಇಟ್ಟೆ. ಎದರಿಗೆ ಗುಲಗಂಜಿ.
ಎಂಟು.
ಬೆಳ್ಳಿಯನ್ನ ಯಾವಾಗೋ ದಾಟೇತಿ,
ಈಗ ಬಂಗಾರದ ಮನಿ ಕಟ್ಟಿ ಮ್ಯಾಲೆ ಕುಂತು
ಎಲಿ ಅಡಿಕಿ ಕೇಳಾಕತ್ತೈತಿ.

ಕಪ್ಪತಗುಡ್ಡದ ಮಣ್ಣು ತೊಳದರ
ಬಂಗಾರದ ಕಣ ಸಿಕ್ಕೀತು ಅಂತಿದ್ರು ಹಿರ್ಯಾರು.
ಎಷ್ಟು ತೊಳದರೂ ಈ ಸೂಜಿ ಸಿಗೂದಿಲ್ಲ.

ನಾನ ಮಾಡೋಣು ಅಂತ ಕುಂತೆ.
ಕೂದಲೆಳಿಯಷ್ಟು ತಂತಿ ಎಳದ ಕೈ ಇದು.
ಜಂತರಿಯಾಗ ಎಳದೆ, ಅರದಲೆ ಉಜ್ಜಿದೆ.
ಹುಬ್ಬಳ್ಳಿ ಗೋಕುಲ ರೋಡಿನ ದಾವಲಸಾಬ
ಲೇತಿಗೆ ಕಟ್ಟಿ, ಮೈಕ್ರೋಮೀಟರ್ ಹಿಡದು, ಗಡ್ಡ ಕೆರಕೊಂಡ:
'ಹದಿಮೂರು ಜಾಗಾದಾಗ ಹದಿಮೂರು ಅಳತಿ, ಪತ್ತಾರ್ರ.
ಬಂಗಾರ ತಪ್ಪಿದರ ಕರಗಸ್ತೀರಿ.
ಇದು ತಪ್ಪಿದರ ತಪ್ಪ ಆತು.'

ಏಳು ಸೂಜಿ ಮಾಡಿದ್ವಿ.
ಕಡೀದು ಮುಳಗುಂದ ನಾಕಾ ತನಕ ಚೊಲೋ ಓಡಿಸಿತು.
ದೂಡಿಕೊಂಡು ಬರಾಗ ಬೆಟಗೇರಿ ಹುಡುಗೂರು ಕೈ ಹಚ್ಚಿದ್ರು.
'ಕಾಕಾ, ಮಾರ್ತೀರೇನ್ರೀ? ಎಷ್ಟಕ್ಕ?'
ನನಗ ತಿಳಿದಿದ್ರ ಹೇಳತಿದ್ದೆ.

ಕಮಲಾಕ್ಷಿ ಆ ಏಳನ್ನೂ ಜೀರಿಗಿ ಡಬ್ಬಿಗೆ ಹಾಕಿಟ್ಟಳು.
ಮುಂದಿನ ವಾರ ಗ್ಯಾಸಿನ ಬರ್ನರ್ ಕಟ್ಟಿತ್ತು.
ಒಂದು ಸೂಜಿ ತಗೊಂಡು ಚುಚ್ಚಿದಳು.
ಭುಗ್ಗಂತ ನೀಲಿ ಉರಿ.
'ನೋಡ್ರಿ, ಯಾರು ಅಂದವರು ನಿಮ್ಮ ಸೂಜಿ ನಡಿಯೂದಿಲ್ಲಂತ?'
ಆ ಬೆಳಕಿನಾಗ ಅಕಿ ಮೂಗು ಕಂಡಿತು.
ಮೂಗಬೊಟ್ಟಿನ ತೂತಿನಾಗ ಬೇವಿನ ಕಡ್ಡಿ.
ದರ ಇಳೀಲಿ ತಡಿ ಅಂತ
ಹನ್ನೆರಡು ವರ್ಷಾತು ನಾನ ಹೇಳಾಕತ್ತು.

ಇವತ್ತೂ ಹಲಗಿ ಬರದೆ.
ಮೂರೂ ಏರ್ಯಾವ. ಕೆಳಗಿಂದೂ.
ಮಗಳನ್ನ ಕರಕೊಂಡು ಬಂದಿದ್ದ ಒಬ್ಬಾಕಿ
ಮೆಟ್ಟಲ ಹತ್ತದ, ಹೊರಗ ನಿಂತ ಓದಿ,
'ಇಳದ ಮ್ಯಾಲೆ ಬರ್ತೀವ್ರೀ' ಅಂದಳು.
'ಬರ್ರಿ' ಅಂದೆ.

ಚಾಕ್‌ಪೀಸಿನ ಕೈ ಧೋತರಕ್ಕ ಒರಸಿಕೊಂತ
ಹಿತ್ತಲಕ್ಕ ಹೋಗಿ, ಹೊದಿಕಿ ಸರಿಸಿ,
ಬಾನೆಟ್ಟಿನ ಮ್ಯಾಲೆ ಅಂಗೈ ಇಟ್ಟೆ.
ತಣ್ಣಗಿತ್ತು.
ಇನ್ನೊಂದು ತಾಸಿಗೆ ಬಿಸಲು ಈ ಕಡೆ ತಿರಗತೈತಿ.
ಕಾಯತೈತಿ.